ಪಾಳಿ ಬದಲಾಗುವ ಹೊತ್ತು

ಜೂನ್ 11, 2024

ಕೊನೆಗೂ ಇಂಟರ್‌ನೆಟ್ ಬಂತು. ವೈರ್ ಎಳೆಯಲು ಬಂದವನು ಕಿಟಕಿಯ ಪಕ್ಕ ತೂತು ಕೊರೆದು, ಗೋಡೆಯ ಸುಣ್ಣವನ್ನೆಲ್ಲ ಅವ್ವನ ಹಾಸಿಗೆಯ ಮೇಲೆ ಉದುರಿಸಿ ಹೋದ. ಅವ್ವ ಮಲಗಿದ್ದಲ್ಲಿಂದಲೇ ಅವನಿಗೆ ಬೈದಳು. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಿದೆ, ಎದ್ದು ಕೂರಬೇಕಾದರೂ ನಾನು ಬೇಕು. ಬಾಯಿಗೆ ಮಾತ್ರ ಏನೂ ಆಗಿಲ್ಲ.

ಆಫೀಸಿನವರು ನಮ್ಮೂರು ಕಂಪಲಾಪುರದಿಂದಲೇ ಕೆಲಸ ಮಾಡಲು ಒಪ್ಪಿದ್ದಾರೆ. ಅವ್ವ ಓಡಾಡುವಂತಾದ ಕೂಡಲೇ ಮೈಸೂರಿಗೆ ವಾಪಸ್ ಬರುತ್ತೇನೆ ಎಂದು ನಾನೇ ಹೇಳಿ ಬಂದಿದ್ದೇನೆ. ಹೆಚ್ಚೆಂದರೆ ದಸರಾವರೆಗೆ.

“ಆ ಪೆಟ್ಟಿಗೇಲಿ ಅದೇನ್ ಕೆಲ್ಸ ಮಾಡ್ತೀಯವ್ವ?” ಎಂದು ಅವ್ವ ಕೇಳಿದಳು.

ಜನ ಕಂಪ್ಯೂಟರಿನಲ್ಲಿ, ಫೋನಿನಲ್ಲಿ ಗುಂಪು ಸೇರಿ ಆಟ ಆಡುತ್ತಾರೆ; ಒಂದೊಂದು ಗುಂಪಿಗೂ ಎಲ್ಲೋ ದೂರದಲ್ಲಿ ಒಂದು ಸರ್ವರ್ ಓಡುತ್ತಿರಬೇಕು; ಗುಂಪು ಬಂದಾಗ ಒಂದನ್ನು ಶುರು ಮಾಡುವುದು, ಕೆಟ್ಟರೆ ಆಡುವವರನ್ನು ಇನ್ನೊಂದಕ್ಕೆ ಸಾಗಿಸುವುದು, ಆಟ ಮುಗಿದ ಮೇಲೆ ಮುಚ್ಚುವುದು ನನ್ನ ಕೆಲಸ ಎಂದೆ.

“ಛತ್ರ ನೋಡ್ಕಳೋ ಕೆಲ್ಸ ಅನ್ನು. ಒಂದ್ ಮದ್ವೆಯೋರು ಓದ್ಮೇಲೆ ಇನ್ನೊಂದ್ ಮದ್ವೆಯೋರು.”

ಆಫೀಸಿನಲ್ಲಿ ನನಗೆ ತರಬೇತಿ ಕೊಟ್ಟವರೂ ಇಷ್ಟು ಸಲೀಸಾಗಿ ಹೇಳಿರಲಿಲ್ಲ. ಆಮೇಲೆ ಅವಳು “ವಸಿ ಆ ಇದು...” ಅನ್ನುವಷ್ಟರಲ್ಲಿ ನೀರಿನ ಚೊಂಬು ತಂದುಕೊಟ್ಟೆ. ಅವಳು ಕೇಳಲು ಹೊರಟಿದ್ದು ಬಾಚಣಿಗೆಯಂತೆ. “ಮಾತಾಡಕ್ ಬುಡವ್ವ ನನ್ನ” ಎಂದಳು. ಅವಳ ಮಾತು ಒಂದು ಊರಿಂದ ಹೊರಟು ಇನ್ನೊಂದು ಊರು ಸುತ್ತಿ ಬರುತ್ತದೆ. ಅಲ್ಲಿಯವರೆಗೆ ಯಾರು ಕಾಯುತ್ತಾರೆ?

ಸಂಜೆ ಕಿಟಕಿಯಲ್ಲಿ ಕೂತೆ. ಮಡಿಕೇರಿ ಕಡೆಯಿಂದ ಬರುವ ಬಸ್ಸುಗಳೆಲ್ಲ ಮೈಸೂರಿಗೆ ಹೋಗುತ್ತವೆ. ಈ ಹೊತ್ತಿಗೆ ಮಾನಸ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಿರುತ್ತಾಳೆ. ನಾವಿಬ್ಬರೂ ಇಷ್ಟು ವರ್ಷ ಒಂದೇ ರೂಮಿನಲ್ಲಿ ಇದ್ದವರು, ಒಂದೇ ಆಫೀಸಿಗೆ ಹೋದವರು. ಕೆರೆಯ ನೀರಿನ ಮೇಲೆ ಬೆಳಕು ಆರುವುದನ್ನು ನೋಡದೆ ನನಗೆ ದಿನ ಮುಗಿದಂತೆ ಅನಿಸುವುದಿಲ್ಲ. ಇಲ್ಲಿ ದಿನ ಮುಗಿಯುವುದು ಅವ್ವನ ಮಾತ್ರೆಯಿಂದ.

ಜೂನ್ 14

ನನ್ನದು ಬೆಳಗಿನ ಪಾಳಿ. ಮಧ್ಯಾಹ್ನ ಎರಡಕ್ಕೆ ರೇಣುಕಾಪ್ರಸಾದ್ ಎಂಬುವವರಿಗೆ ಒಪ್ಪಿಸಬೇಕು. ಅವರೂ ನನ್ನ ಹಾಗೆ ಮನೆಯಿಂದಲೇ ಕೆಲಸ ಮಾಡುವವರು, ಎಚ್.ಡಿ. ಕೋಟೆ ಕಡೆಯ ಅಂತರಸಂತೆಯಲ್ಲಿ. ನಾನು ಕೆಲಸಕ್ಕೆ ಸೇರುವ ಮುಂಚೆಯೇ ಮೈಸೂರಿನ ಆಫೀಸು ಬಿಟ್ಟು ಊರಿಗೆ ಹೋದವರಂತೆ. ನಾನು ಮುಖ ನೋಡಿಲ್ಲ, ನನಗಿಂತ ಮುಂಚೆ ಸೇರಿದ ಮಾನಸಳಿಗೆ ಪರಿಚಯ.

ಪಾಳಿ ಬಿಡುವವರು ಒಂದು ಟಿಪ್ಪಣಿ ಬರೆದಿಡಬೇಕು; ರಾತ್ರಿ ಅವರು ಬರೆದಿಟ್ಟದ್ದನ್ನು ಬೆಳಿಗ್ಗೆ ನಾನು ಓದುತ್ತೇನೆ. ಮಿಕ್ಕವರೆಲ್ಲ ಇಂಗ್ಲಿಷಿನಲ್ಲಿ ಮೂರು ಪದ ಬರೆಯುತ್ತಾರೆ. ಇವರದು ಕನ್ನಡದಲ್ಲಿ, ಕಾಗದ ಬರೆದ ಹಾಗೆ. ಪ್ರತಿ ಸರ್ವರಿಗೂ ಅಕ್ಷರ ಅಂಕಿ ಬೆರೆಸಿದ ಉದ್ದನೆಯ ಗುರುತು ಇರುತ್ತದೆ. ಇವರು ಅದನ್ನು ಬಿಟ್ಟು ತಾವೇ ಹೆಸರಿಟ್ಟುಕೊಂಡಿದ್ದಾರೆ. “ಸಿಂಗಾಪುರದ ಸೋಂಬೇರಿ ಇವತ್ತೂ ಏಳುವುದಕ್ಕೆ ತಡ ಮಾಡಿತು. ಎರಡು ಸಲ ಎಬ್ಬಿಸಿದ್ದೇನೆ. ಮುಂಬೈಯ ಮುಂಗೋಪಿ ಸದ್ಯಕ್ಕೆ ಸುಮ್ಮನಿದೆ, ದಯವಿಟ್ಟು ಕೆಣಕಬೇಡಿ.”

ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು. ‘ನೋಟೆಡ್’ ಎಂದಷ್ಟೇ ಬರೆದೆ.

ಜೂನ್ 27

ಇವತ್ತು ಬೆಳಿಗ್ಗೆ ಒಂದು ಸರ್ವರಿನಲ್ಲಿ ಆಟ ಮುಗಿದು, ಎಲ್ಲರೂ ಹೋಗಿ, ಇಬ್ಬರು ಮಾತ್ರ ಉಳಿದಿದ್ದರು. ಆಡುತ್ತಿರಲಿಲ್ಲ. ಆ ಆಟದೊಳಗೆ ಒಂದು ಬೆಟ್ಟವಿದೆ. ಅದರ ಮೇಲೆ ನಿಂತಿದ್ದರು, ಅಷ್ಟೇ. ರೇಣುಕಾಪ್ರಸಾದ್ ಬರೆದಿಟ್ಟಿದ್ದರು: “ಬೆಟ್ಟದ ಇಬ್ಬರು ಹೋಗುವವರೆಗೆ ಮುಚ್ಚಬೇಡಿ. ದಿನಾ ಬರುತ್ತಾರೆ. ಅವರಾಗಿಯೇ ಹೋಗುತ್ತಾರೆ.”

ಆಟ ಮುಗಿದ ಮೇಲೆ ನಿಂತುಕೊಂಡು ಏನು ಮಾಡುತ್ತಾರೆ? ಮುಚ್ಚಿದೆ. ಮಧ್ಯಾಹ್ನ ಪಾಳಿಗೆ ಬಂದ ಅವರು ಏನೂ ಆಕ್ಷೇಪಿಸಲಿಲ್ಲ. “ಬೆಟ್ಟದವರನ್ನು ಇವತ್ತು ಬೇಗ ಕಳಿಸಿದ್ದೀರಿ” ಎಂದು ಮಾತ್ರ ಬರೆದರು. ಬೈದಿದ್ದರೆ ವಾಸಿಯಿತ್ತು.

ಜುಲೈ 19

ಒಂದೇ ಸಮನೆ ಜಡಿಮಳೆ. ಅವ್ವ ವಾಕರ್ ಹಿಡಿದು ಬಾಗಿಲವರೆಗೆ ನಡೆದಳು. ಅಲ್ಲಿ ನಿಂತು ಹೊಗೆಸೊಪ್ಪಿನ ಹೊಲ ನೋಡಿ, ಗುತ್ತಿಗೆಗೆ ಮಾಡುತ್ತಿರುವವರಿಗೆ ಗೊಬ್ಬರ ಹಾಕುವುದೇ ಗೊತ್ತಿಲ್ಲ ಎಂದು ತೀರ್ಪು ಕೊಟ್ಟಳು.

ರೇಣುಕಾಪ್ರಸಾದರ ಇವತ್ತಿನ ಟಿಪ್ಪಣಿ: “ಸೋಂಬೇರಿಗೆ ನಿಮ್ಮ ಕೈಗುಣ ಹಿಡಿಸಿದೆ. ನನ್ನ ಮಾತು ಕೇಳುತ್ತಿಲ್ಲ. ಇಲ್ಲಿ ಮಳೆಗೆ ಕಾಡು ಕಾಣುತ್ತಿಲ್ಲ, ಶಬ್ದ ಮಾತ್ರ ಬರುತ್ತಿದೆ. ಮೇಲಿನ ಬೀದಿಗೆ ಸಂಜೆ ಆನೆ ಬಂದಿತ್ತಂತೆ, ಯಾರೂ ನೋಡಿಲ್ಲ, ಎಲ್ಲರೂ ವರ್ಣಿಸುತ್ತಿದ್ದಾರೆ.”

ನಗು ಬಂತು. ನಮ್ಮಲ್ಲೂ ಮಳೆ, ಅವ್ವ ನಡೆದಳು ಎಂದು ಬರೆದೆ. ಬರೆದ ಮೇಲೆ, ಇಷ್ಟು ಬರೆಯುವುದರ ಬದಲು ಫೋನ್ ಮಾಡಿದರೆ ಆಗುತ್ತಿತ್ತಲ್ಲ ಅನಿಸಿತು. ಮಾಡಿದೆ. ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಸೇಜು: “ಕ್ಷಮಿಸಿ, ಬರೆದು ತಿಳಿಸಿ.”

ಆನೆ ಬಂದರೆ ಕತೆ ಬರೆಯಲು ಹೊತ್ತಿದೆ, ಫೋನ್ ಎತ್ತಲು ಹೊತ್ತಿಲ್ಲ. ಹೆಂಡತಿ ಪಕ್ಕದಲ್ಲಿದ್ದಳೋ ಏನೋ. ನನಗೇನು.

ಜುಲೈ 22

ಮದುವೆಯಾಗಿಲ್ಲವಂತೆ. ಮಾನಸ ಯಾವುದೋ ಮಾತಿಗೆ ಹೇಳಿದಳು. ನಾನು ಕೇಳಿರಲಿಲ್ಲ. ಕೇಳಿದ್ದರೂ ಸುಮ್ಮನೆ ಕೇಳಿದ್ದೆ.

ಆಗಸ್ಟ್ 8

ಊರಿನ ತುಂಬ, ಸೌದೆ ಉರಿಸುವ ಒಲೆಮನೆಗಳಾದ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ. ಬೆಳಿಗ್ಗೆ ಗಾಳಿಮಳೆಗೆ ಎಲ್ಲೋ ಮರ ಬಿದ್ದು ಕರೆಂಟ್ ಹೋಯಿತು, ಇಂಟರ್‌ನೆಟ್ಟೂ ಹೋಯಿತು. ಅದೇ ಹೊತ್ತಿಗೆ ಪಂದ್ಯವೊಂದರ ಕೊನೆಯ ಸುತ್ತು ನಡೆಯುತ್ತಿತ್ತು. ನಾವು ಬಾಡಿಗೆಗೆ ಪಡೆಯುವ ಯಂತ್ರಗಳಲ್ಲಿ ಕೆಲವನ್ನು ಕೊಟ್ಟವರು ಯಾವಾಗ ಬೇಕಾದರೂ ವಾಪಸ್ ಕೇಳಬಹುದು. ಕೇಳಿದ ಕೂಡಲೇ ಆಡುತ್ತಿರುವವರನ್ನು ಬೇರೆ ಸರ್ವರಿಗೆ ಸಾಗಿಸಬೇಕು. ಇಲ್ಲದಿದ್ದರೆ ಆಟ ಅರ್ಧಕ್ಕೆ ಸತ್ತು ಹೋಗುತ್ತದೆ. ಆ ಸೂಚನೆ ಬಂದದ್ದನ್ನು ನೋಡಿದ ಮರುಗಳಿಗೆಯೇ ಸಂಪರ್ಕ ಕಡಿದು ನನ್ನ ಪರದೆ ನಿಂತುಹೋಯಿತು.

ರೇಣುಕಾಪ್ರಸಾದರಿಗೆ “ಕರೆಂಟ್ ಇಲ್ಲ, ಬೇಕರಿಗೆ ಓಡುತ್ತಿದ್ದೇನೆ, ಫೈನಲ್ ನೋಡಿಕೊಳ್ಳಿ” ಎಂದು ಮೆಸೇಜು ಕಳಿಸಿ, ಲ್ಯಾಪ್‌ಟಾಪ್ ಸೆರಗಿನಡಿ ಹಿಡಿದು ಹೈವೇ ಪಕ್ಕದ ಪಾಷಣ್ಣನ ಬೇಕರಿಗೆ ಓಡಿದೆ. ಅಹಮದ್ ಪಾಷಾ ಅಂದರೆ ಊರಿಗೆಲ್ಲ ಪಾಷಣ್ಣ. ಅವನ ಅಂಗಡಿಯಲ್ಲಿ ಬ್ಯಾಟರಿ ಇದೆ.

“ಕೂತ್ಕ ತಾಯಿ, ವೈಫೈ ಬತ್ತದೆ ಈಗ. ಮೊದ್ಲು ತಲೆ ಒರೆಸ್ಕ” ಎಂದು ಟವೆಲು ಕೊಟ್ಟ.

ಅಷ್ಟರಲ್ಲಿ ಫೋನ್ ಬಂತು. ರೇಣುಕಾಪ್ರಸಾದ್. ಎತ್ತಿದರೆ ಆ ಕಡೆ ಉಸಿರು, ಆಮೇಲೆ ಹಾವು ಬುಸುಗುಟ್ಟಿದಂಥ ಶಬ್ದ, ಮತ್ತೆ ಉಸಿರು. “ಹಲೋ, ಏನೂ ಕೇಳಿಸ್ತಿಲ್ಲ, ಮೆಸೇಜ್ ಮಾಡಿ” ಎಂದು ಕಟ್ ಮಾಡಿದೆ. ಮತ್ತೆ ಬಂತು. ಅದೇ ಶಬ್ದ. ಆ ಗಡಿಬಿಡಿಯಲ್ಲಿ ಮತ್ತೆ ಕಟ್ ಮಾಡಿದೆ.

ಪರದೆ ಬಂದಾಗ ನೋಡಿದರೆ ಆಟಗಾರರೆಲ್ಲ ಹೊಸ ಸರ್ವರಿನಲ್ಲಿದ್ದರು. ಒಬ್ಬರೂ ಬಿಟ್ಟು ಹೋಗಿರಲಿಲ್ಲ. ತಮ್ಮ ಪಾಳಿ ಅಲ್ಲದ ಹೊತ್ತಿನಲ್ಲಿ ಅವರೇ ಮಾಡಿ ಮುಗಿಸಿದ್ದರು. ಥ್ಯಾಂಕ್ಸ್ ಬರೆದೆ. “ಎಲ್ಲ ಸರಿ ಇದೆ” ಎಂದು ಉತ್ತರ ಬಂತು. ಅಷ್ಟೇ.

ಆಗಸ್ಟ್ 9

ಮಾನಸಳಿಗೆ ನಿನ್ನೆಯ ಕತೆ ಹೇಳುತ್ತ, ಅಂತರಸಂತೆಯ ಸಿಗ್ನಲ್ಲು ಹಾವಿನ ಥರ ಬುಸುಗುಟ್ಟುತ್ತದೆ ಎಂದು ನಕ್ಕೆ. ಅವಳು ನಗಲಿಲ್ಲ.

“ಸಿಗ್ನಲ್ ಅಲ್ಲ ಕಣೇ. ಅವರಿಗೆ ಮಾತು ತೊದಲುತ್ತೆ. ಫೋನಲ್ಲಂತೂ ತುಂಬಾ. ನಿನಗೆ ಗೊತ್ತಿದೆ ಅಂದ್ಕೊಂಡಿದ್ದೆ.”

ಆ ಶಬ್ದ ನನ್ನ ಹೆಸರಿನ ಮೊದಲ ಅಕ್ಷರ. ಸುಕನ್ಯ ಎನ್ನಲು ಹೊರಟಿದ್ದರು.

ಆಗಸ್ಟ್ 10

ಟಿಪ್ಪಣಿ: “ಎಲ್ಲ ಸರಿ ಇದೆ.”

ಆಗಸ್ಟ್ 13

“ಎಲ್ಲ ಸರಿ ಇದೆ.” ಸೋಂಬೇರಿಯ ಸುದ್ದಿಯಿಲ್ಲ, ಮಳೆಯ ಸುದ್ದಿಯಿಲ್ಲ. ಕ್ಷಮೆ ಕೇಳಿ ಬರೆದೆ, ಅಳಿಸಿದೆ. ಗೊತ್ತಿರಲಿಲ್ಲ ಅಂದರೆ, ಈಗ ಗೊತ್ತಾಗಿದೆ ಎಂದು ಹೇಳಿದ ಹಾಗಾಗುತ್ತದೆ.

ಆಗಸ್ಟ್ 25

ಈಗ ಉದ್ದ ಬರೆಯುವವಳು ನಾನು. ಮುಂಗೋಪಿ ಎರಡು ದಿನದಿಂದ ತಣ್ಣಗಿದೆ, ಬ್ಯಾರನ್ನಿಗೆ ಸೌದೆ ತಂದ ಟ್ರ್ಯಾಕ್ಟರು ನಮ್ಮ ಬೇಲಿ ಕಿತ್ತಿತು, ಅವ್ವ ಟ್ರ್ಯಾಕ್ಟರಿನವನನ್ನು ಕೂರಿಸಿಕೊಂಡು ಅವನ ತಾತನ ಕಾಲದಿಂದ ವಿಚಾರಿಸಿದಳು. ಅವ್ವ ಆ ಕತೆ ಹೇಳುವಾಗ ಪೂರ್ತಿ ಕೇಳಿಸಿಕೊಂಡೆ. ಅದರಲ್ಲಿ ನನಗೆ ಗೊತ್ತೇ ಇರದ ಒಬ್ಬ ದೊಡ್ಡಪ್ಪ ಬಂದ. ಅದನ್ನೂ ಬರೆದೆ.

ಎರಡು ಗಂಟೆಗೆ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ ಬೀಳುತ್ತದೆ. ಬರೆಯುತ್ತಿದ್ದಾರೆ ಎಂದು ತೋರಿಸುತ್ತದೆ. ತುಂಬ ಹೊತ್ತು ತೋರಿಸುತ್ತದೆ. ಕೊನೆಗೆ ಬರುವುದು ಅದೇ ಮೂರು ಪದ. ಆ ಮೂರು ಪದಕ್ಕೆ ಅಷ್ಟು ಹೊತ್ತು ಬೇಕಿಲ್ಲ. ಮಿಕ್ಕಿದ್ದನ್ನು ಎಲ್ಲಿಗೆ ಹಾಕುತ್ತಾರೆ?

ಸೆಪ್ಟೆಂಬರ್ 12

ಬೆಟ್ಟದ ಇಬ್ಬರು ಇವತ್ತು ತುಂಬ ಹೊತ್ತು ಇದ್ದರು. ಖಾಲಿಯಾದದ್ದನ್ನು ಮುಚ್ಚಿ ಎಂದು ಆಫೀಸಿನಿಂದ ಸೂಚನೆ ಬಂತು. ಖಾಲಿಯಾಗಿಲ್ಲ, ಇಬ್ಬರಿದ್ದಾರೆ ಎಂದು ಉತ್ತರಿಸಿದೆ. ಒಬ್ಬರು ಕೂತಾಗ ಇನ್ನೊಬ್ಬರೂ ಕೂರುತ್ತಾರೆ. ಯಾವ ದೇಶದವರೋ, ಹೆಣ್ಣೋ ಗಂಡೋ ಗೊತ್ತಿಲ್ಲ. ಬೇರೆ ಕಡೆ ಎಲ್ಲೂ ಸೇರಲು ಅವರಿಗೆ ಜಾಗ ಇಲ್ಲವೇನೋ.

ಟಿಪ್ಪಣಿಯಲ್ಲಿ ಬರೆದೆ: “ಬೆಟ್ಟದವರು ಇನ್ನೂ ಇದ್ದಾರೆ. ಬಿಟ್ಟಿದ್ದೇನೆ.”

ಉತ್ತರ: “ನೋಡಿದೆ. ಇಲ್ಲಿ ಇವತ್ತು ಬಿಸಿಲು. ಕಾಡು ಪೂರ್ತಿ ಕಾಣುತ್ತಿದೆ.”

ಎಷ್ಟು ಸಲ ಓದಿದೆನೋ.

ಅಕ್ಟೋಬರ್ 5

ಮಾನಸ ಫೋನ್ ಮಾಡಿ ದಸರಾ ದೀಪ ನೋಡಲು ಬಾ ಎಂದಳು. ಅವ್ವನನ್ನು ಬಿಟ್ಟು ಹೇಗೆ ಬರಲಿ ಎಂದೆ. ಅವ್ವ ಆಗ ಹಿತ್ತಲಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದಳು.

ಅಕ್ಟೋಬರ್ 9

ಮ್ಯಾನೇಜರ್ ಕಾಂತರಾಜ್ ಫೋನ್ ಮಾಡಿದ್ದರು. ನವೆಂಬರ್ ಒಂದರಿಂದ ಸರ್ವರುಗಳನ್ನು ಶುರು ಮಾಡುವುದು, ಮುಚ್ಚುವುದು ಎಲ್ಲ ತನ್ನಿಂದ ತಾನೇ ಆಗುವ ಹೊಸ ವ್ಯವಸ್ಥೆ ಬರುತ್ತದೆ. ಮಧ್ಯಾಹ್ನದ ಪಾಳಿಗೆ ಆಳು ಬೇಡ. ಬೆಳಗಿನ ಪಾಳಿ ಸದ್ಯಕ್ಕೆ ಇರುತ್ತದೆ. “ನಿಮಗೆ ಮೈಸೂರಲ್ಲಿ ಹೊಸ ಟೀಮಲ್ಲಿ ಒಂದು ಸೀಟು ಇಟ್ಟಿದ್ದೀನಿ ಸುಕನ್ಯ. ಬರೋದಾದ್ರೆ ತಿಂಗಳ ಕೊನೆಯೊಳಗೆ ತಿಳಿಸಿ. ಕಿಟಕಿ ಪಕ್ಕದ್ದೇ ಕೊಡ್ತೀನಿ.”

“ರೇಣುಕಾಪ್ರಸಾದ್ ಅವರಿಗೆ?” ಎಂದೆ.

“ಅವರಿಗೂ ಹೇಳಿದೆ, ಮೆಸೇಜಲ್ಲಿ. ಒಪ್ಕೊಂಡ್ರು. ತುಂಬ ಸಾಧು ಮನುಷ್ಯ, ಯಾವುದಕ್ಕೂ ಇಲ್ಲ ಅನ್ನಲ್ಲ.”

ಕಿಟಕಿ ಪಕ್ಕದ ಸೀಟು ಅಂದಾಗ ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಎರಡು ಗಂಟೆಗೆ ಹಸಿರು ಚುಕ್ಕೆ ಬಿತ್ತು. ಇಬ್ಬರೂ ಆ ವಿಷಯ ಬರೆಯಲಿಲ್ಲ. ಸೋಂಬೇರಿ ತಡವಾಗಿ ಎದ್ದಿತು ಎಂದು ನಾನು ಬರೆದೆ. ಪಾಪ, ಅದರ ಸ್ವಭಾವ ಎಂದು ಅವರು ಬರೆದರು.

ಅಕ್ಟೋಬರ್ 17

ಬರೆದೇಬಿಟ್ಟೆ. “ಭಾನುವಾರ ಅಂತರಸಂತೆಗೆ ಬಂದರೆ ಸಿಗುತ್ತೀರಾ?”

ಸಂಜೆಯವರೆಗೆ ಉತ್ತರವಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅವ್ವ ಉಂಡು, ಏನೂ ಅನ್ನದೆ ಎದ್ದು ಮಜ್ಜಿಗೆ ತಂದುಕೊಂಡಳು. ಆಮೇಲೆ ಬಂತು:

“ಮಾತು ನಿಧಾನ. ಪರವಾಗಿಲ್ಲ ಅಂದರೆ ಬನ್ನಿ.”

ಅಕ್ಟೋಬರ್ 20

ಹುಣಸೂರಿನಲ್ಲಿ ಬಸ್ಸು ಬದಲಿಸಿ, ಕೋಟೆಯಲ್ಲಿ ಇನ್ನೊಂದು ಹಿಡಿದೆ. ಅಂತರಸಂತೆಯಲ್ಲಿ ಇಳಿದಾಗ ನನ್ನೊಂದಿಗೆ ಇಳಿದವರೆಲ್ಲ ಗೊಬ್ಬರದ ಮೂಟೆ, ಕೋಳಿ, ಮಕ್ಕಳು ಹಿಡಿದುಕೊಂಡಿದ್ದರು. ಬರಿಗೈಯಲ್ಲಿ ನಿಂತಿದ್ದವರು ಒಬ್ಬರೇ. ಎತ್ತರ, ಮುಂದಲೆ ಸ್ವಲ್ಪ ನರೆತಿದೆ, ಇಸ್ತ್ರಿ ಮಾಡಿದ ಗೀರಿನ ಅಂಗಿ.

ನನ್ನನ್ನು ನೋಡಿ ಹೆಸರು ಹೇಳಲು ಹೊರಟರು. ಆ ಶಬ್ದ ನನಗೆ ಗೊತ್ತಿತ್ತು. ಮೊದಲು ನೆಲ ನೋಡಿದೆ. ಅದು ಸರಿಯಲ್ಲ ಅನಿಸಿ ಅವರ ಮುಖ ನೋಡಿದೆ. ಡ್ರೈವರು ಇಳಿದು ಮುಖ ತೊಳೆದು ಬಂದ. ಕೋಳಿಯವನು ಆಟೋ ಹತ್ತಿದ. ಆಮೇಲೆ ನನ್ನ ಹೆಸರು ಪೂರ್ತಿಯಾಗಿ ಬಂತು. ನನ್ನ ಹೆಸರಿಗೆ ಅಷ್ಟು ಕಷ್ಟಪಟ್ಟವರು ಯಾರೂ ಇಲ್ಲ.

ಅವರ ತೊದಲನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ದೊಡ್ಡದಾಗಿ ಕಾಣುತ್ತದೆ, ಮಾತು ಕಾಣುವುದಿಲ್ಲ.

ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂತೆವು. “ಅವತ್ತು ಫೋನ್ ಕಟ್ ಮಾಡಿದ್ದು ನಾನು” ಎಂದೆ.

“ಗೊತ್ತು. ಎರಡು ಸಲ” ಎಂದು ನಕ್ಕರು. “ಆಟ ನಡೀತಾ ಐತೆ, ಗಾಬರಿ ಬೀಳಬೇಡಿ ಅಂತ ಹೇಳಕ್ಕೆ ಮಾಡಿದ್ದೆ. ಮಳೇಲಿ ಓಡ್ತಾ ಇರ್ತೀರ, ಮೆಸೇಜ್ ನೋಡಲ್ಲ ಅನ್ನಿಸ್ತು.”

ಮೈಸೂರು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತ ಹೇಳಿದರು: “ಎಲ್ರೂ ಒಳ್ಳೇವ್ರೇ. ನನಗೆ ಕಷ್ಟ ಆಗ್ತದೆ ಅಂತ ನನ್ನ ಮಾತನ್ನ ಅವರೇ ಮುಗಿಸೋರು. ಅವರು ಮುಗಿಸಿದ್ದು ನಾನು ಹೇಳಕ್ಕೆ ಹೊರಟಿದ್ದ ಮಾತಲ್ಲ. ಆದ್ರೂ ಹೂಂ ಅಂತಿದ್ದೆ. ವರ್ಷಗಟ್ಟಲೆ ನಾನು ಹೇಳದೆ ಇರೋ ಮಾತಿಗೆಲ್ಲ ಹೂಂ ಅಂದಿದೀನಿ.”

ನವೆಂಬರಿನಿಂದ ಬೇರೆ ಕೆಲಸ ಒಪ್ಪಿಕೊಂಡಿದ್ದಾರೆ. ಕಾಡಿನಲ್ಲಿ ಕಟ್ಟಿರುವ ಕ್ಯಾಮೆರಾಗಳಿಗೆ ಬಿದ್ದ ಫೋಟೋಗಳನ್ನು ನೋಡಿ, ಯಾವ ಪ್ರಾಣಿ ಎಂದು ಬೇರೆ ಮಾಡುವುದು. “ಹುಲಿ ಅಪರೂಪ. ಜಿಂಕೆ ನೋಡಿ ನೋಡಿ ಸಾಕಾಗ್ತದಂತೆ.”

ನೀವು ಮೈಸೂರಿಗೆ ಹೋಗುತ್ತೀರಲ್ಲ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಹಾಗಂದದ್ದು ನನಗೇ ಹೊಸದಾಗಿತ್ತು.

ಬಸ್ಸಿಗೆ ಬಂದು ನಿಂತಾಗ ಅವರು ಏನೋ ಹೇಳಲು ಶುರು ಮಾಡಿದರು. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡಿತು. ಅಷ್ಟರಲ್ಲಿ ಬಸ್ಸು ಬಂತು. ಕಂಡಕ್ಟರು “ಕೋಟೆ, ಕೋಟೆ” ಎಂದು ಕೂಗಿ, “ಅತ್ತೀರಾ ಇಲ್ವಾ ಅಕ್ಕ?” ಎಂದ. ಅವರು ಮಾತು ಬಿಟ್ಟು ನನಗೆ ಹೋಗಿ ಎಂದು ಕೈ ಸನ್ನೆ ಮಾಡಿದರು.

“ನೀವು ಹೋಗಿ” ಎಂದು ಕಂಡಕ್ಟರಿಗೆ ಹೇಳಿದೆ. ಬಸ್ಸು ಹೋಯಿತು. ಧೂಳು ಕೂತಿತು. ಅವರು ಮತ್ತೆ ಮೊದಲಿನಿಂದ ಶುರು ಮಾಡಿ ಹೇಳಿ ಮುಗಿಸಿದರು.

ಏನು ಹೇಳಿದರು ಎಂದು ಇಲ್ಲಿ ಬರೆಯುವುದಿಲ್ಲ. ನನಗೆ ಸ್ವಲ್ಪ ದಿನ ಕೊಡಿ ಎಂದೆ.

“ದಿನಕ್ಕೇನು. ನಾನು ಇದನ್ನ ಹೇಳಕ್ಕೇ ಮೂರು ತಿಂಗಳು ತಗೊಂಡಿದೀನಿ” ಎಂದರು.

ಮುಂದಿನ ಬಸ್ಸು ಬರುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.

ಅಕ್ಟೋಬರ್ 24

ಹೊಗೆಸೊಪ್ಪಿನ ಕೆಲಸ ಮುಗಿಯುತ್ತ ಬಂತು. ಒಂದೊಂದೇ ಬ್ಯಾರನ್ ತಣ್ಣಗಾಗುತ್ತಿದೆ. ಇವತ್ತು ಅವರಿಂದ ದೊಡ್ಡ ಟಿಪ್ಪಣಿ ಬಂತು. ಅದರಲ್ಲಿ ಕೆಲಸದ ವಿಷಯ ಬಿಟ್ಟು ಬೇರೆ ಏನೂ ಇರಲಿಲ್ಲ. ಆದರೂ ಎರಡರಿಂದ ಸಂಜೆಯವರೆಗೆ ಅದನ್ನೇ ಓದಿದ ಹಾಗಾಯಿತು. ಕಿಟಕಿಯಲ್ಲಿ ಹುಣಸೂರಿನ ಕಡೆಗೆ ಹೋಗುವ ಬಸ್ಸುಗಳನ್ನು ನೋಡಿದೆ. ಅಲ್ಲಿ ಇಳಿದರೆ ಕೋಟೆಗೆ ಬಸ್ಸಿದೆ.

ಅಕ್ಟೋಬರ್ 31

ಅವರ ಕೊನೆಯ ಪಾಳಿ. ಪಾಳಿ ಮುಗಿಯುವ ಮುಂಚೆ ಬರೆದಿಟ್ಟಿದ್ದು:

“ನಾಳೆಯಿಂದ ಆಟ ಮುಗಿದ ಕೂಡಲೇ ಸರ್ವರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಯಾರಿಗೂ ಕಾಯುವುದಿಲ್ಲ. ಬೆಟ್ಟದ ಇಬ್ಬರಿಗೆ ಇವತ್ತು ಆಟದೊಳಗೇ ಬರೆದು ತಿಳಿಸಿದೆ. ಆಮೇಲೆ, ಇಷ್ಟು ದಿನ ಬಿಟ್ಟಿದ್ದಕ್ಕೆ ಥ್ಯಾಂಕ್ಸ್, ಬೇರೆ ಕಡೆ ಸೇರುತ್ತೇವೆ ಎಂದು ಬರೆದು ಒಟ್ಟಿಗೆ ಹೋದರು. ಸೋಂಬೇರಿ, ಮುಂಗೋಪಿ ಎಲ್ಲ ನಿಮ್ಮ ಕೈಯಲ್ಲಿ. ನಮಸ್ಕಾರ.”

ನಾನು ಏನಾದರೂ ಬರೆಯುವಷ್ಟರಲ್ಲಿ ಹಸಿರು ಚುಕ್ಕೆ ಆರಿತ್ತು.

ನವೆಂಬರ್ 4

ಎರಡು ಗಂಟೆಗೆ ಒಪ್ಪಿಸಲು ಯಾರೂ ಇಲ್ಲ. ಹೊಸ ವ್ಯವಸ್ಥೆ ತಾನೇ ವಹಿಸಿಕೊಳ್ಳುತ್ತದೆ. ಸೋಂಬೇರಿಯನ್ನು ತಡ ಮಾಡುತ್ತದೆ ಎಂದು ಅದೇ ತೆಗೆದುಹಾಕಿದೆ. ಇದನ್ನು ಹೇಳಬೇಕಾದವರು ಒಬ್ಬರೇ. ಮೂರು ದಿನದಿಂದ ಹೇಳದೆ ಇಟ್ಟುಕೊಂಡಿದ್ದೇನೆ.

ನವೆಂಬರ್ 5

ಮಧ್ಯಾಹ್ನ ಫೋನ್ ಮಾಡಿದೆ. ಎತ್ತಿದರು. ಆ ಕಡೆ ಉಸಿರು, ಬೀದಿಯಲ್ಲಿ ಯಾರೋ ಮೇಕೆ ಓಡಿಸುವ ಶಬ್ದ. ಮೇಕೆಗಳೆಲ್ಲ ದಾಟಿ ಹೋದ ಮೇಲೆ “ಹೇಳಿ” ಎಂದರು. ಹೇಳಿದೆ. ಸೋಂಬೇರಿಯ ಸುದ್ದಿಯನ್ನೂ, ಅವತ್ತು ಬಸ್ ನಿಲ್ದಾಣದಲ್ಲಿ ಅವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯನ್ನೂ. ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ, ಭಾನುವಾರ ಕಂಪಲಾಪುರಕ್ಕೆ ಬರುತ್ತೇನೆ, ಅಮ್ಮನವರನ್ನು ಕೇಳಿ ನೋಡಿ ಎಂದರು.

ಫೋನ್ ಇಡುತ್ತಿದ್ದ ಹಾಗೆ ಮಾನಸಳದು ಬಂತು. “ಏನ್ ಹುಡುಗೀನೇ ನೀನು? ಕಾಂತರಾಜ್ ಸರ್ ತಿಂಗಳ ಕೊನೆವರೆಗೂ ಕಾದು, ಆ ಸೀಟಿಗೆ ಬೇರೆಯವರನ್ನ ಹಾಕ್ಕೊಂಡ್ರು. ಬರಲ್ಲ ಅಂತಾದ್ರೂ ಒಂದು ಮಾತು ಹೇಳ್ಬೇಕಿತ್ತು.” ಮರೆತೇಬಿಟ್ಟಿದ್ದೆ ಕಣೇ ಎಂದೆ. ಅವಳು ನಂಬಲಿಲ್ಲ.

ಅವ್ವ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ನಾನೂ ಸುಲಿಯುತ್ತ ಎಲ್ಲ ಹೇಳಿದೆ. ಅವರ ಹೆಸರು, ಊರು, ಕೆಲಸ, ಮಾತು. ಅವ್ವ ಕೈ ನಿಲ್ಲಿಸಿದಳು.

“ಅಲ್ಲ ಕಣವ್ವ, ಅವ್ರು ಯಾವ...”

ಅಲ್ಲಿಗೆ ನಿಂತಳು. ಸೆರಗಿನಿಂದ ಕಾಯಿಯ ಜಿಡ್ಡು ಒರೆಸಿಕೊಂಡಳು. ಅವಳು ಏನು ಕೇಳುತ್ತಾಳೆ ಎಂದು ನನಗೆ ಗೊತ್ತಿತ್ತು. ಯಾವ ಜನ, ಯಾರ ಪೈಕಿ. ಉತ್ತರವನ್ನೂ, ಅದಕ್ಕೆ ಅವಳು ಅನ್ನಬಹುದಾದ ಮಾತನ್ನೂ, ಅದಕ್ಕೆ ನನ್ನ ಜಗಳವನ್ನೂ ಸಿದ್ಧ ಮಾಡಿಕೊಂಡಿದ್ದೆ. ಸುಮ್ಮನೆ ಕಾಯಿ ಸುಲಿಯುತ್ತಿದ್ದೆ. ರಸ್ತೆಯಲ್ಲಿ ಎರಡು ಲಾರಿ ಹೋದವು.

“ಅವ್ರು ಯಾವ ಬಸ್ಸಿಗೆ ಬತ್ತಾರಂತೆ?” ಎಂದಳು ಅವ್ವ. “ಉಣಸೂರ್ ಬಸ್ಸಾದ್ರೆ ಪಾಷಣ್ಣನ ಅಂಗ್ಡಿತಾವ ನಿಲ್ಸಲ್ಲ, ಮುಂದಕ್ಕೋಯ್ತದೆ. ಆ ಮಗ ಇಳೀಬೇಕು ಅಂತ ಕೂಗಿ ಯೋಳಾಗಂಟ ನಿಲ್ಸೋದು ಬ್ಯಾಡ್ವಾ? ನಾನೇ ಓಗಿ ರಸ್ತೇಲಿ ನಿಂತ್ಕತೀನಿ ಬುಡು.”